ಕಟರ್ ಜಗ್ದೇವ್

"ಏಳೋ ಅಣ್ಣಾ! ತಾಶೆ ಬಿಸಿಯಾಯ್ತು, ನೀನಿನ್ನೂ ತಣ್ಣಗೆ ಬಿದ್ದಿದ್ದೀಯ!"

ಹಿತ್ತಲಿನಲ್ಲಿ ತೆಂಗಿನ ಚಿಪ್ಪಿನ ಬೆಂಕಿ ಮಾಡಿ, ತಾಶೆಯ ಚರ್ಮವನ್ನು ಕಾಯಿಸುತ್ತಾ ಸುಮಿಂತ್ರಾ ಕೂಗಿದಳು. ಜಗ್ದೇವ್ ತೂಗುಮಂಚದಲ್ಲೇ ಮಗ್ಗುಲು ಬದಲಿಸಿದ. ಚರ್ಮ ಕಾಯಿಸುವುದು ಕಟರ್‌ನ ಕೆಲಸವಲ್ಲ.

ತಾಶೆ ಮೇಳದಲ್ಲಿ ಕಟರ್ ಎಂದರೆ ಮದುವೆ ಗಂಡಿನಷ್ಟೇ ಗತ್ತು. ಎಲ್ಲರೆದುರು ನಿಂತು, ತಾಳವನ್ನು ಬೇಕಾದ ಹಾಗೆ ಕತ್ತರಿಸಿ, ಶಿಳ್ಳೆ ಗಿಟ್ಟಿಸುವವನು ಅವನು. ಅವನ ಹಿಂದೆ ಒಂದೇ ನಡೆಯನ್ನು ಜಗ್ಗದೆ ಬಾರಿಸುವವರು ಫೂಲೆ. ಕಳೆದ ವರ್ಷದ ಮದುವೆಗೆ ಕಟರ್ ಯಾರಿದ್ದರೆಂದು ಕೇಳಿದರೆ ಪೆನಾಲ್ ಊರಿನ ಹಸುಗೂಸೂ ಹೇಳುತ್ತದೆ. ಫೂಲೆ ಯಾರೆಂದರೆ ಮದುವೆ ಮನೆಯವರಿಗೇ ನೆನಪಿರುವುದಿಲ್ಲ.

ಹಾಗಾಗಿ ಮರುದಿನ ತಂಗಿ ಬಂದು, "ಕಾಲೇಜಲ್ಲಿ ತಾಳವಾದ್ಯಕ್ಕೆ ಒಂದೇ ಒಂದು ಸೀಟು ಉಳಿದಿದೆಯಂತೆ. ಶನಿವಾರ ಆಡಿಷನ್. ನೀನು ಕಟರ್, ನಾನು ಫೂಲೆ. ಬರ್ತೀಯಾ?" ಎಂದಾಗ ಜಗ್ದೇವ್‌ಗೆ ಅಚ್ಚರಿಯೇನೂ ಆಗಲಿಲ್ಲ. ಕಾಲೇಜಿನವರಿಗೆ ಬುದ್ಧಿ ಬರಲು ಇಷ್ಟು ದಿನ ಯಾಕೆ ಬೇಕಾಯಿತು ಎಂದಷ್ಟೇ ಅನಿಸಿತು. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಆಜಿ ಅವನ ಹಣೆಗೆ ತಿಲಕವಿಟ್ಟಳು. ಅಮ್ಮ ಹೊಸ ಅಂಗಿ ಹೊಲಿಸಿದಳು. ಅಪ್ಪ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದ.

"ಸೀಟು ಸಿಕ್ಕಿದ್ರೆ ಸರಿ. ಸಿಗ್ಲಿಲ್ವೋ, ಸೋಮವಾರದಿಂದ ನೀನು ಕಾಕಾನ ಟೈರ್ ಅಂಗಡಿಗೆ, ಇವಳು ಮೌಸಿಯ ರೊಟ್ಟಿ ಅಂಗಡಿಗೆ. ಇಬ್ರನ್ನೂ ಕೂರಿಸಿ ಸಾಕೋಕೆ ನಾನೇನು ಸಕ್ಕರೆ ಕಾರ್ಖಾನೆ ಇಟ್ಟಿಲ್ಲ."

ಟೈರ್ ಎಂದರೆ ಜಗ್ದೇವ್‌ನ ಎದೆ ಧಸಕ್ಕೆನ್ನುತ್ತಿತ್ತು. ಕಾಕಾನ ಉಗುರಿನ ಕಪ್ಪು ದೀಪಾವಳಿಗೂ ಹೋಗುವುದಿಲ್ಲ. ಸೀಟು ಬೇಕೇ ಬೇಕು. ಆದರೆ ಅಭ್ಯಾಸ ಮಾಡೋಣವೆಂದು ಕೋಲು ಕೈಗೆತ್ತಿಕೊಂಡರೆ ಸುಮಿಂತ್ರಾಳೇ ತಡೆಯುತ್ತಿದ್ದಳು.

"ನಿನಗ್ಯಾಕೋ ಅಭ್ಯಾಸ? ನಿನ್ನಂಥ ಕಟರ್ ಈ ದ್ವೀಪವೆಲ್ಲ ಹುಡುಕಿದ್ರೂ ಸಿಗಲ್ಲ. ಬಿಸಿ ಫೋಲೋರಿ ಕರಿದಿಟ್ಟಿದ್ದೀನಿ, ತಿಂದು ಮಲ್ಕೋ."

"ನಾನು ಎಲ್ಲಿಂದ ಎಲ್ಲಿಗೆ ಹಾರ್ತೀನಿ ಅಂತ ನಿನಗೆ ಗೊತ್ತಾಗ್ಬೇಡ್ವೇನೇ?"

"ಬೇಡ, ಗೊತ್ತಾಗ್ಲೇಬಾರದು. ಅವತ್ತು ತೋಚಿದ ಹಾಗೆ ಬಾರಿಸು, ಅಷ್ಟು ಸಾಕು."

ಚಿಕ್ಕವಳಾದರೂ ಕಲೆಯ ಬೆಲೆ ಬಲ್ಲವಳು ಎನಿಸಿತು. ಅವಳು ಮಾತ್ರ ಕೋಳಿ ಕೂಗುವ ಮೊದಲೇ ಎದ್ದು ಅದೇ ಒಂದು ನಡೆಯನ್ನು ಗಂಟೆಗಟ್ಟಲೆ ಬಾರಿಸುತ್ತಿದ್ದಳು. ಗುಳ್ಳೆ ಎದ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅಣ್ಣನ ಮಾನ ಕಳೆಯಬಾರದೆಂದು ಎಷ್ಟು ಒದ್ದಾಡುತ್ತಿದ್ದಾಳೆ, ಪಾಪ! ಸೀಟು ಸಿಕ್ಕಿದ ಮೇಲೆ ಇವಳಿಗೊಂದು ಜೊತೆ ಓಲೆ ಕೊಡಿಸಬೇಕೆಂದು ಜಗ್ದೇವ್ ಮನಸ್ಸಿನಲ್ಲೇ ಅಂದುಕೊಂಡ.

ಶನಿವಾರ ಬಂತು. ಕಾಲೇಜಿನ ಅಂಗಳದಲ್ಲಿ ಸುಮಿಂತ್ರಾ ಬಿಸ್ಕತ್ತಿನ ಡಬ್ಬದೊಳಗೆ ಬೆಂಕಿ ಹಾಕಿದ್ದೇ ತಡ, ಕಾವಲುಗಾರ ಓಡೋಡಿ ಬಂದ.

"ಏಯ್ ಹುಡುಗಿ! ಇದೇನು ನಿಮ್ಮನೆ ಅಡುಗೆಮನೇನಾ?"

"ಚರ್ಮ ಕಾಯಿಸದೆ ಬಾರಿಸಿದ್ರೆ ಅದು ತಾಶೆ ಅಲ್ಲ ಅಂಕಲ್, ಬರೀ ತಗಡು. ಎರಡೇ ನಿಮಿಷ."

ಅವಳ ಮುಖ ನೋಡಿ ಅವನು ಮೆತ್ತಗಾದ. ತನ್ನ ಟೋಪಿಯಿಂದಲೇ ಬೆಂಕಿಗೆ ಗಾಳಿ ಹಾಕತೊಡಗಿದ.

"ಪೆನಾಲ್‌ನ ರಾಂಪರ್ಸಾದ್!" ಒಳಗಿನಿಂದ ಅವರ ಮನೆತನದ ಹೆಸರು ಹಿಡಿದು ಕರೆ ಬಂತು. ಜಗ್ದೇವ್ ಎದೆಯುಬ್ಬಿಸಿ ಮುಂದೆ ನಡೆದ. ತಂಗಿ ಹಿಂದೆ ನಡೆದಳು.

ಮೂವರು ಪರೀಕ್ಷಕರು ಕೂತಿದ್ದರು. ಜಗ್ದೇವ್ ಬಾರಿಸಿದ. ಬಾರಿಸಿದ ಎಂದರೆ ಸಾಲದು, ತಾಶೆಯ ಮೇಲೆ ಹಳೇ ಸೇಡು ತೀರಿಸಿಕೊಂಡ. ಓಡಿದ, ಗಕ್ಕನೆ ನಿಂತ, ನಡುವೆ ಎರಡು ಹೆಜ್ಜೆ ಕುಣಿದ, ಅಲ್ಲಿಂದ ಇನ್ನೆಲ್ಲಿಗೋ ಹಾರಿದ. ಒಮ್ಮೆಯಂತೂ ತಾಳದಲ್ಲಿ ತಾನೆಲ್ಲಿದ್ದೇನೆಂಬುದೇ ತಿಳಿಯದೆ ಕಂಗಾಲಾದ. ಹಿಂದೆ ಸುಮಿಂತ್ರಾಳ ನಡೆ ಇದ್ದಲ್ಲೇ ಇತ್ತು. ಅದನ್ನೇ ಹಿಡಿದುಕೊಂಡು ಹೇಗೋ ದಡ ಸೇರಿದ. ಪರೀಕ್ಷಕರು ತನ್ನನ್ನು ಬಿಟ್ಟು ಪಕ್ಕಕ್ಕೆ ನೋಡುತ್ತಿದ್ದಂತೆ ಕಂಡಿತು. ತನ್ನ ವೇಗಕ್ಕೆ ಅವರ ಕಣ್ಣು ಕತ್ತಲಿಟ್ಟಿರಬೇಕು ಎಂದುಕೊಂಡ.

ಮುಗಿಯಿತು. ಹಿರಿಯ ಪರೀಕ್ಷಕಿ ಮಿಸ್ ಅಲೇನ್ ಎದ್ದು, ಮುಖವರಳಿಸಿಕೊಂಡು, ಮೇಜನ್ನು ಸುತ್ತಿ ಬಂದರು. ಕಾಕಾನ ಅಂಗಡಿ ಹರದಾರಿ ದೂರ ಸರಿದಂತಾಯಿತು. ಜಗ್ದೇವ್ ಅಂಗೈಯನ್ನು ಹೊಸ ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ.

ಅವರು ಅವನನ್ನು ದಾಟಿ ಹೋಗಿ ಸುಮಿಂತ್ರಾಳ ಕೈ ಹಿಡಿದುಕೊಂಡರು. "ಫೂಲೆ ಸೀಟು ನಿನ್ನದೇ ಮಗಳೇ! ಮಿಕ್ಕವರೆಲ್ಲ ಪರೀಕ್ಷೆಗೆ ಅಂತ ಒಳ್ಳೊಳ್ಳೆ ಕಟರ್‌ಗಳನ್ನ ಜೊತೆಗೆ ಕರ್ಕೊಂಡು ಬಂದಿದ್ರು. ಎಂಥವನ ಹಿಂದೆ ಬಾರಿಸಿದ್ರೂ ನಡೆ ತಪ್ಪಲ್ಲ ಅಂತ ತೋರಿಸಿದವಳು ನೀನೊಬ್ಬಳೇ. ಅದಿರ್ಲಿ, ಇಂಥವನನ್ನ ಎಲ್ಲಿ ಹುಡುಕಿ ತಂದೆ?"