ಮೂವತ್ತೊಂದನೇ ಬಾವುಟ

ಬೋರಲಿಂಗಯ್ಯ ಸುತ್ತ ಒಮ್ಮೆ ಕಣ್ಣಾಡಿಸಿ, ಬಗ್ಗಿ, ಕಬ್ಬಿಣದ ಸರಳನ್ನು ಒಂದೇ ಎಳೆತಕ್ಕೆ ಕಿತ್ತ. ಅದರ ತುದಿಯಲ್ಲಿ ಬಿಳಿ, ಕಿತ್ತಳೆ ಬಣ್ಣದ ಬಾವುಟ. ಬಾವುಟದ ಮೇಲೆ 31 ಎಂಬ ಅಂಕಿ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ, ಒಳಗೆ ಮುಳ್ಳುಗಳಿದ್ದ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪು. ಎಲ್ಲವನ್ನೂ ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಎಪ್ಪತ್ತೊಂದು ವರ್ಷದಲ್ಲಿ ಅವನು ಮಾಡಿದ ಮೊದಲ ಕಳ್ಳತನ ಇದು. ಅದೂ ತನ್ನದೇ ತೋಟದಲ್ಲಿ.

ನೆಟ್ಟವನನ್ನು ಒಂದು ಗಂಟೆಯ ಹಿಂದೆ ಕಣ್ಣಾರೆ ಕಂಡಿದ್ದ. ತಲೆಗೆ ಟೋಪಿ, ಕಾಲಿಗೆ ಬೂಟು, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ನಕ್ಷೆ, ಕೊರಳಲ್ಲಿ ದಿಕ್ಕು ತೋರಿಸುವ ಮುಳ್ಳಿನ ಡಬ್ಬಿ. ಬಾವಿಯಿಂದ ಹೊಂಗೆ ಮರದವರೆಗೆ ಹೆಜ್ಜೆ ಎಣಿಸಿ, ಏನೋ ಗೀಚಿಕೊಂಡು, ಮರದ ಬುಡದಲ್ಲಿ ಸರಳು ಚುಚ್ಚಿದ್ದ. ಯಾರಪ್ಪಾ ನೀನು ಎಂದು ಕೇಳಿದರೆ ಮುಕ್ತಿಯಾರ್, ಚನ್ನಪಟ್ಟಣದವನು ಎಂದ. ಇದೇನು ಎಂದರೆ ನಕ್ಕ.

"ನಾಳೆ ಬೆಳಗ್ಗೆ ಎಲ್ಲ ಗೊತ್ತಾಯ್ತದೆ ಯಜಮಾನ್ರೆ. ಇವತ್ತು ಬಾಯಿ ಬಿಟ್ರೆ ಕೆಲಸ ಕೆಡ್ತದೆ. ಪಂಚಾಯ್ತಿ ಮೆಂಬರ್ರು ಒಪ್ಪಿಗೆ ಕೊಟ್ಟವ್ರೆ. ಇದನ್ನ ಮಾತ್ರ ಮುಟ್ಬೇಡಿ."

ಇಷ್ಟು ಗುಟ್ಟು ಮಾಡುತ್ತಾರೆಂದರೆ ರಸ್ತೆಯೇ ಸರಿ ಎಂದುಕೊಂಡ ಬೋರಲಿಂಗಯ್ಯ. ಮೊದಲು ಬಾವುಟ, ಆಮೇಲೆ ನೋಟಿಸು, ಕೊನೆಗೆ ಜೆಸಿಬಿ. ಬೀಗರ ಊರಿನಲ್ಲಿ ಇದೇ ಕ್ರಮದಲ್ಲಿ ಬಂದಿದ್ದವು. ಈ ಒಂದೆಕರೆ ಹಿಪ್ಪುನೇರಳೆಯನ್ನು ಮೊಮ್ಮಗಳು ಸಿರಿಯ ಹೆಸರಿಗೆ ಬರೆಯಬೇಕೆಂದು ಅವನು ಎಂದೋ ತೀರ್ಮಾನಿಸಿದ್ದ. ಟೋಪಿಯವನೊಬ್ಬ ಬಂದು ಗೀಟೆಳೆದರೆ ಬಿಟ್ಟುಕೊಡುವುದಕ್ಕಾಗುತ್ತದೆಯೇ?

ರಸ್ತೆ ಎಲ್ಲಾದರೂ ಹೋಗಲೇಬೇಕಲ್ಲ, ಪಕ್ಕದ ತೋಟದಲ್ಲಿ ಹೋಗಲಿ. ಪಕ್ಕದ್ದು ಸ್ವಾಮಿಯ ತೋಟ. ಬದುವಿನ ಮೇಲಿನ ಮೊಳದಷ್ಟು ಜಾಗಕ್ಕೆ ಜಗಳವಾಗಿ ಇಬ್ಬರೂ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಬೋರಲಿಂಗಯ್ಯ ಆ ದಿನವಷ್ಟೇ ನೀರು ಹಾಯಿಸಿದ್ದರಿಂದ ತನ್ನ ಕಡೆ ಕೆಸರೋ ಕೆಸರು. ಸ್ವಾಮಿಯ ಮೋಟರ್ ಸುಟ್ಟು ವಾರವಾಗಿ ಆ ಕಡೆ ಬರೀ ಧೂಳು. ಹೆಜ್ಜೆ ಗುರುತು ಬೀಳದಿರಲೆಂದು ಬದುವಿನ ಹುಲ್ಲಿಗೆ ಕಾಲು ಒರೆಸಿಕೊಂಡ. ನೂರು ಹೆಜ್ಜೆ ಆಚೆ, ಸ್ವಾಮಿಯ ಗಿಡಗಳ ಸಾಲಿನ ನಡುವೆ ಸರಳನ್ನು ಚುಚ್ಚಿ ಬಂದ. ಮೈ ಹಗುರಾಯಿತು.

ಮನೆಯಲ್ಲಿ ಸಿರಿ ಬೂಟಿಗೆ ಹೊಸ ದಾರ ಪೋಣಿಸುತ್ತಿದ್ದಳು. ಎರಡು ವರ್ಷದಿಂದ ಚನ್ನಪಟ್ಟಣದ ಓಟದ ಕ್ಲಬ್ಬಿಗೆ ಹೋಗುತ್ತಿದ್ದಾಳೆ. ಸ್ವಾಮಿಯ ಮಗಳು ಪ್ರತಿಮಾಳೂ ಅಲ್ಲಿಗೇ ಬರುತ್ತಾಳೆ. ಭಾನುವಾರ ಆಯ್ಕೆಯ ಓಟ, ಗೆದ್ದ ಒಬ್ಬಳಿಗೆ ಮಾತ್ರ ರಾಜ್ಯದ ತಂಡದಲ್ಲಿ ಜಾಗ. ತಮ್ಮ ಓಟ ಎಂಥದ್ದೆಂದು ಅವಳು ಎಷ್ಟೋ ಸಲ ವಿವರಿಸಿದ್ದುಂಟು. ಮೈದಾನ ಸುತ್ತುವುದರಲ್ಲಿ ಕೇಳುವಂಥದ್ದೇನಿದೆ ಎಂದು ಅವನು ಬರೀ ತಲೆಯಾಡಿಸಿದ್ದ. ನಾಳೆ ಯಾವ ಮೈದಾನ ಎಂದು ಕೇಳಿದ.

"ಎಲ್ಲಿ ಅಂತ ನಮ್ಗೂ ಹೇಳಿಲ್ಲ ತಾತ. ಸರ್ ಬೆಳಗ್ಗೆನೇ ಹೇಳೋದು."

ಎಂಥ ಕ್ಲಬ್ಬೋ ಏನೋ ಎನಿಸಿತು. ಆದರೂ ಅವಳ ತಲೆ ಸವರಿ, "ನೀನು ಓಡವ್ವ. ನಿನ್ ಪಾಲಿಂದು ನಾನು ನೋಡ್ಕಂಡಿವ್ನಿ" ಎಂದ.

ಭಾನುವಾರ ಯಾರಿಗೂ ಅನುಮಾನ ಬರಬಾರದೆಂದು ತೋಟದ ಕಡೆ ತಲೆ ಹಾಕದೆ, ಬೆಳಗ್ಗೆ ಆರಕ್ಕೇ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹೋಗಿ ಕುಳಿತ. ಒಂಬತ್ತರ ಹೊತ್ತಿಗೆ ಸ್ವಾಮಿ ಬಂದ. ಹಿಮ್ಮಡಿ ಮುಚ್ಚುವಷ್ಟು ಹಸಿ ಕೆಸರು. ಮೋಟರ್ ರಿಪೇರಿ ಆಗಿರಬೇಕು ಅಂದುಕೊಂಡ ಬೋರಲಿಂಗಯ್ಯ. ಸ್ವಾಮಿಯ ಮುಖದಲ್ಲಿ ನಗು. ಅಂಗಡಿಯವನಿಗೆ ಎರಡು ಟೀ ಹೇಳಿ, ಒಂದನ್ನು ತಾನೇ ತಂದು ಇವನ ಮುಂದಿಟ್ಟ.

"ಯಾವ್ಯಾವ್ದು ಎಲ್ಲೆಲ್ಲಿರ್ಬೇಕೋ ಅಲ್ಲಲ್ಲೇ ಇದ್ರೆ ಚೆಂದ. ಅಲ್ವಾ ಬೋರಣ್ಣ?"

ಹೌದೆಂದು ತಲೆಯಾಡಿಸಿದ. ಪಾಪ, ಇವನಿಗೆ ಇನ್ನೂ ಗೊತ್ತಿಲ್ಲ ಎಂದು ನಿಜಕ್ಕೂ ಮರುಗಿದ. ಟೀ ಮಾತ್ರ ಪೂರ್ತಿ ಕುಡಿದ.

ಮಧ್ಯಾಹ್ನ ಸಿರಿ ಬಂದಳು. ಬೂಟನ್ನೂ ಬಿಚ್ಚದೆ ಜಗಲಿಯ ಮೇಲೆ ಕುಳಿತಳು, ಅತ್ತು ಅತ್ತು ಕಣ್ಣು ಊದಿತ್ತು. ಗೆದ್ದವಳು ಪ್ರತಿಮಾ ಎಂದಷ್ಟೇ ಹೇಳಿ, ಕೈಯಲ್ಲಿದ್ದ ಹಾಳೆಯನ್ನು ತಾತನ ಮುಂದೆ ಹರವಿದಳು. ಪ್ಲಾಸ್ಟಿಕ್ ಹೊದಿಸಿದ ನಕ್ಷೆ. ಅದರಲ್ಲಿ ಬಾವಿ, ಬದು, ಮರ. ಮರದ ಸುತ್ತ ಕೆಂಪು ವೃತ್ತ, ವೃತ್ತದ ಪಕ್ಕ 31. ಬೋರಲಿಂಗಯ್ಯ ಆ ಅಂಕಿಯ ಮೇಲೆ ಬೆರಳಿಟ್ಟ.

ನಕ್ಷೆ ನೋಡಿಕೊಂಡು ಬಾವುಟಗಳನ್ನು ಹುಡುಕಿ, ಪ್ರತಿಯೊಂದರ ಕ್ಲಿಪ್ಪಿನಿಂದ ಕಾರ್ಡಿಗೆ ತೂತು ಒತ್ತಿ ಓಡುವುದೇ ಅವರ ಓಟ. ಅದನ್ನು ಸಿರಿ ಇನ್ನೊಮ್ಮೆ ಹೇಳಿದಳು. ಈ ಸಲ ಅವನು ಕೇಳಿಸಿಕೊಂಡ.

"ನಮ್ದೇ ಹೊಂಗೆ ಮರ ತಾತ. ಕಣ್ ಕಟ್ಟಿ ಬುಟ್ರೂ ಹೋಯ್ತೀನಿ. ಎಲ್ರಿಗಿಂತ ಮುಂಚೆ ಹೋದೆ. ಕಾಲು ಗಂಟೆ ಹುಡುಕಿದ್ರೂ ಬಾವುಟನೇ ಇಲ್ಲ."

ಅಷ್ಟರಲ್ಲಿ ಪ್ರತಿಮಾ ತಮ್ಮ ತೋಟದ ಒಳಗಿಂದ ಬಂದವಳು, ಮರದ ಕಡೆ ತಿರುಗಿಯೂ ನೋಡದೆ ಮುಂದಕ್ಕೆ ಓಡಿದಳಂತೆ. ಅವಳ ಕಾರ್ಡಿನಲ್ಲಿ ಮೂವತ್ತೊಂದರ ತೂತು ಇತ್ತಂತೆ. ಓಟ ಮುಗಿದ ಮೇಲೆ ಸಿರಿ ದೂರು ಹೇಳಿದ್ದಕ್ಕೆ ಮುಕ್ತಿಯಾರ್ ಸರ್ ಹತ್ತು ಗಂಟೆಗೆ ಅವಳನ್ನೇ ಕರೆದುಕೊಂಡು ಬಂದು ನೋಡಿದರು. ಬಾವುಟ ಹೊಂಗೆ ಮರದ ಬುಡದಲ್ಲೇ ನಿಂತಿತ್ತು. ಕೊನೆಗೆ ಬಂದ ಹುಡುಗರಿಗೂ ಅದು ಅಲ್ಲೇ ಸಿಕ್ಕಿತ್ತು. ಸ್ವಂತ ತೋಟದಲ್ಲೇ ಕಾಣದವಳು ಕಂಡವರ ಊರಿನಲ್ಲಿ ಏನು ಹುಡುಕುತ್ತೀಯಮ್ಮ ಎಂದು ಸರ್ ಬೇಜಾರಿನಿಂದಲೇ ಕೇಳಿದರಂತೆ. ಪ್ರತಿಮಾಳ ಹೆಸರು ಬರೆದುಕೊಂಡು ಹೋದರಂತೆ.

ಬೋರಲಿಂಗಯ್ಯ ನಕ್ಷೆಯನ್ನು ಪಕ್ಕಕ್ಕಿಟ್ಟ. ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡ. ಈಗಲೇ ಚನ್ನಪಟ್ಟಣಕ್ಕೆ ಹೋಗಿ ನಿಮ್ಮ ಸರ್‌ಗೆ ಹೇಳುತ್ತೇನೆ, ಬಾವುಟ ಕಿತ್ತವನು ನಾನೇ ಎಂದ.

ಸಿರಿ ಅವನ ಕೈ ಹಿಡಿದು ಕೂರಿಸಿದಳು. "ನನ್ಗೋಸ್ಕರ ಸುಳ್ಳು ಹೇಳ್ಬ್ಯಾಡ ತಾತ. ನೀನೇ ಕಿತ್ತಿದ್ರೆ, ಅದು ತಿರ್ಗ ಅಲ್ಲಿಗೆ ಹೆಂಗ್ ಬಂತು?"

ಅದಕ್ಕೆ ಉತ್ತರ ಹೇಳಬಲ್ಲವನು ಊರಿಗೆಲ್ಲ ಒಬ್ಬನೇ ಇದ್ದ: ಸುಟ್ಟ ಮೋಟರ್ ಸುಟ್ಟ ಹಾಗೇ ಇರುವಾಗ, ಬೋರಲಿಂಗಯ್ಯನ ತೋಟದ ಕೆಸರು ಮೆತ್ತಿಕೊಂಡು ಬಂದು ಅವನಿಗೇ ಟೀ ಕೊಡಿಸಿದ, ಪ್ರತಿಮಾಳ ಅಪ್ಪ.