ನಿಂತ ದೋಣಿ

“ನೀರಿನ ಟ್ಯಾಂಕಿನ ಹಿಂದೆ ಗಡಿಯಾರದ ಗೋಪುರ ಮರೆಯಾಯ್ತಾ?”

“ಆಯ್ತು ರೀ.”

“ಹಾಗಾದ್ರೆ ಮೀನು ಸೇರೋ ಬಂಡೆ ನಮ್ಮ ಬುಡದಲ್ಲೇ ಇದೆ. ಹರಿವಿಗೆ ಎದುರಾಗಿ ಇನ್ನೊಂದಿಷ್ಟು ಮೇಲಕ್ಕೆ ಹೋಗಿ ಲಂಗರು ಬಿಡು. ಧೊಪ್ಪಂತ ಎಸೀಬೇಡ, ಮೀನು ಬೆಚ್ಚಿಬೀಳುತ್ತೆ. ಆಮೇಲೆ ಹಗ್ಗ ಸಡಿಲಿಸ್ತಾ ಸಡಿಲಿಸ್ತಾ ದೋಣೀನ ಇಲ್ಲಿಗೇ ತಂದು ನಿಲ್ಲಿಸು.”

ಹಿಂತುದಿಯಲ್ಲಿ ಕೂತು ಹೀಗೆ ಅಪ್ಪಣೆ ಕೊಡುತ್ತಿದ್ದ ಮೀನುಗಾರನಿಗೆ ಗೋಪುರವೂ ಕಾಣುತ್ತಿರಲಿಲ್ಲ, ಟ್ಯಾಂಕೂ ಕಾಣುತ್ತಿರಲಿಲ್ಲ. ಕಣ್ಣು ಪೂರ್ತಿ ಹೋದ ಮೇಲೆ ಅವನು ನದಿಗೆ ಇಳಿದದ್ದು ಇದೇ ಮೊದಲು, ಅದೂ ಹೆಂಡತಿ ಹಟ ಹಿಡಿದಳೆಂದು. “ಒಂದೇ ಒಂದು ಸಲ ಬರ್ತೀನಿ. ಸರಿಹೋಗದಿದ್ರೆ ನಾಳೇನೇ ದೋಣಿ ತಮ್ಮನಿಗೆ ಕೊಟ್ಟು ಮೂಲೇಲಿ ಕೂತ್ಕೋತೀನಿ, ಮತ್ತೆ ನೀನು ನದಿ ಹೆಸರು ಎತ್ತಬಾರದು” ಎಂದು ಮಾತು ತೆಗೆದುಕೊಂಡೇ ದೋಣಿ ಹತ್ತಿದ್ದ. ಸರಿಹೋಗುವುದಿಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಮೀನು ಮಾರುವುದರಲ್ಲಿ ಇವಳನ್ನು ಮೀರಿಸುವವರಿಲ್ಲ, ಒಪ್ಪೋಣ. ದೋಣಿಯನ್ನು ಒಂದು ಕಡೆ ನಿಲ್ಲಿಸುವುದೆಂದರೆ ತಕ್ಕಡಿ ಹಿಡಿದಷ್ಟು ಸುಲಭವೇ?

ಸ್ವಲ್ಪ ಹೊತ್ತಿಗೆ ಹುಟ್ಟು ಹಾಕುವ ಸದ್ದು ನಿಂತಿತು.

“ಬಿಟ್ಟೆಯಾ?”

“ನಿಲ್ಸಿದೀನಿ ರೀ. ನೀವು ಗಾಳ ಬಿಡಿ.”

ಅವನು ಕಿವಿಗೊಟ್ಟ. ದೋಣಿಯ ಅಡಿಯಲ್ಲಿ ನೀರು ಗಳಗಳ ಎನ್ನುತ್ತಾ ಹಿಂದಕ್ಕೆ ಹರಿಯುತ್ತಿತ್ತು. ನೀರಿನ ಜೊತೆ ತೇಲಿಹೋಗುವ ದೋಣಿ ಸದ್ದು ಮಾಡುವುದಿಲ್ಲ. ನೀರಿಗೆ ಎದುರಾಗಿ ನಿಂತದ್ದೇ ಸದ್ದು ಮಾಡುವುದು. ಲಂಗರು ಕಚ್ಚಿಕೊಂಡಿದೆ, ಪರವಾಗಿಲ್ಲ ಎಂದುಕೊಂಡು ಗಾಳ ಇಳಿಬಿಟ್ಟ.

ದಾರ ಬೆರಳಿನಲ್ಲಿ ಜಗ್ಗಿತು. ಎಳೆದ, ಮೀನು. ಮತ್ತೆ ಬಿಟ್ಟ, ಮತ್ತೆ ಮೀನು. ಬುಟ್ಟಿಯಲ್ಲಿ ಪಟಪಟ ಸದ್ದು ಹೆಚ್ಚುತ್ತಾ ಹೋದಂತೆ ಖುಷಿಯ ಜೊತೆಗೆ ಒಂದು ಕಸಿವಿಸಿಯೂ ಶುರುವಾಯಿತು. ಲಂಗರು ಹಾಕಿದ ದೋಣಿ ಗೂಟಕ್ಕೆ ಕಟ್ಟಿದ ಹಸುವಿದ್ದ ಹಾಗೆ. ಆ ಕಡೆ ಈ ಕಡೆ ತುಯ್ಯುತ್ತದೆ, ಹಗ್ಗ ಬಿಗಿದಾಗ ಜಗ್ಗಿ ನಿಲ್ಲುತ್ತದೆ. ಜೀವಮಾನವೆಲ್ಲ ಅವನ ಗಾಳ ಅರ್ಧ ಹೊತ್ತು ಮೀನಿನ ಮೇಲೆ, ಅರ್ಧ ಹೊತ್ತು ಬರೀ ನೀರಿನ ಮೇಲೆ. ಇವತ್ತು ದೋಣಿ ತುಯ್ಯಲೂ ಇಲ್ಲ, ಜಗ್ಗಲೂ ಇಲ್ಲ. ಹಿಂದೊಂದು ಮುಂದೊಂದು ಲಂಗರು ಹಾಕಿದಳೇ? ಇರುವುದೇ ಒಂದು. ಗಳ ಊರಿದಳೇ? ಇಲ್ಲಿ ನಾಲ್ಕಾಳುದ್ದ ನೀರು, ಯಾವ ಗಳವೂ ನೆಲ ಮುಟ್ಟುವುದಿಲ್ಲ. ಕಣ್ಣು ಹೋದ ಮೇಲೆ ಮೈಯೂ ಸುಳ್ಳು ಹೇಳತೊಡಗಿತೇ ಎಂದು ಅವನಿಗೆ ಹೆದರಿಕೆಯಾಯಿತು.

“ಲೇ, ಒಂದು ಮೊಳ ಹಗ್ಗ ಸಡಿಲಿಸು ನೋಡೋಣ.”

ದೋಣಿ ಅಳತೆ ಹಿಡಿದಂತೆ ಒಂದು ಮೊಳ ಹಿಂದೆ ಸರಿದು ನಿಂತಿತು.

“ಎಡಕ್ಕೆ?” ಎಂದ, ಸುಮ್ಮನೆ. ಯಾವ ಲಂಗರೂ ದೋಣಿಯನ್ನು ಹೇಳಿದ ಹಾಗೆ ಎಡಕ್ಕೆ ಸರಿಸುವುದಿಲ್ಲ ಎಂದು ಬಲ್ಲವನೇ.

ದೋಣಿ ಎಡಕ್ಕೆ ಸರಿಯಿತು.

ಗಾಳದ ದಾರವನ್ನು ಹಲಗೆಗೆ ಸುತ್ತಿ, ಲಂಗರಿನ ಹಗ್ಗವನ್ನೇ ಮುಟ್ಟಿ ನೋಡೋಣವೆಂದು ಅಂಬೆಗಾಲಿಟ್ಟು ಮುಂದುಗಡೆಗೆ ಹೊರಟ. ನಡುವೆಯೇ ಅವಳ ಮೊಣಕೈ ಕೈಗೆ ತಾಗಿತು. ಮೊಣಕೈ ಸುಮ್ಮನಿರಲಿಲ್ಲ. ತಡವುತ್ತಾ ಹೋದರೆ ಹುಟ್ಟಿನ ಹಿಡಿ ಸಿಕ್ಕಿತು. ಎರಡೂ ಹುಟ್ಟುಗಳನ್ನು ನೀರಿನಿಂದ ಎತ್ತದೆ, ಒಳಗೊಳಗೇ ಹೊರಳಿಸುತ್ತಾ, ಚೂರೂ ಸದ್ದಿಲ್ಲದೆ ಅವಳು ನೀರನ್ನು ತಳ್ಳುತ್ತಿದ್ದಳು.

“ಲಂಗರು ಎಲ್ಲೇ?”

“ಇಲ್ಲೇ, ನನ್ನ ಕಾಲ ಹತ್ರ. ಹಗ್ಗ ಕೆಸರು ನಾರ್ತಿತ್ತು ಅಂತ ನಿನ್ನೆ ಒಗೆದು ಹಿತ್ತಲಲ್ಲಿ ಒಣಹಾಕಿದ್ದೆ. ತರೋದು ಮರೆತೇಹೋಯ್ತು. ಹೇಳಿದ್ರೆ ‘ನೋಡಿದ್ಯಾ, ಮೊದಲೇ ಹೇಳಿರ್ಲಿಲ್ವಾ’ ಅಂತ ಮನೆಗೆ ತಿರುಗಿಸ್ತಿದ್ರಿ.”

“ಲಂಗರಿನ ಹಗ್ಗ ಯಾರಾದ್ರೂ ಒಗೀತಾರೇನೇ!”

“ಬೈಗುಳ ದಡಕ್ಕೆ ಹೋದ್ಮೇಲೆ ಇಟ್ಕೊಳ್ಳಿ. ಈಗ ಮಾತಾಡಿಸಿದ್ರೆ ದೋಣಿ ಜಾರುತ್ತೆ.”

ಅವನಿಗೆ ಆಗ ನೆನಪಾಯಿತು. ಅವಳಪ್ಪ ಅಂಬಿಗ, ಕಟ್ಟೆಯಿಲ್ಲದ ದಡದಲ್ಲಿ ಜನ ಹತ್ತಿ ಇಳಿಯುವ ತನಕ ದೋಣಿಯನ್ನು ಹುಟ್ಟಿನಲ್ಲೇ ಹಿಡಿದು ನಿಲ್ಲಿಸುತ್ತಿದ್ದನಂತೆ. ಮದುವೆಯ ಹೊಸತರಲ್ಲಿ ಅವಳೇ ಹೇಳಿದ್ದಳು. ಆ ವಿದ್ಯೆ ನಿನಗೂ ಬರುತ್ತದೆಯೇ ಎಂದು ಕೇಳಬೇಕೆಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ! ಅವಳ ತೋಳಿನ ಮೇಲೆ ಕೈಯಿಟ್ಟ. ಬೆವರಿನಲ್ಲಿ ತೊಯ್ದ ತೋಳು ಥರಥರ ನಡುಗುತ್ತಿತ್ತು. ದೋಣಿ ಮಾತ್ರ ಅಲುಗುತ್ತಿರಲಿಲ್ಲ.

“ನಾಳೆ ಹಗ್ಗ ನಾನೇ ಕಟ್ತೀನಿ,” ಎಂದ. ನಾಳೆ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದು ಅವನ ಗಮನಕ್ಕೂ ಬರಲಿಲ್ಲ. “ಇವತ್ತಿಗೆ ಸಾಕು, ಕೈ ಬಿಡು.”

“ಹಾಗಾದ್ರೆ ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳ್ಳಿ.”

ಅವಳು ಹುಟ್ಟು ಎತ್ತಿದಳು. ಗಳಗಳ ಸದ್ದು ತಟ್ಟನೆ ನಿಂತಿತು. ಮರುಕ್ಷಣವೇ ನದಿ ದೋಣಿಯನ್ನು ಬಾಚಿಕೊಂಡು ಓಡಿತು. ಮೂತಿ ಗಿರ್ರನೆ ತಿರುಗಿತು, ಬುಟ್ಟಿ ಉರುಳಿ ಮೀನೆಲ್ಲ ಕಾಲ ಮೇಲೆ ಸುರಿದವು, ಅವನು ಎರಡೂ ಕೈಯಲ್ಲಿ ಹಲಗೆಯನ್ನು ಅವುಚಿ ಹಿಡಿದ. ಮನೆಯಿರುವುದು ಹರಿವಿನ ಕಡೆಗೇ, ಭಯವೇನಿರಲಿಲ್ಲ. ಆದರೂ ಅವನು ಹಲಗೆಯ ಹಿಡಿತ ಸಡಿಲಿಸಲಿಲ್ಲ.

“ಇಷ್ಟು ಹೊತ್ತೂ ಇದನ್ನೆಲ್ಲ ನೀನೊಬ್ಬಳೇ ಹಿಡ್ಕೊಂಡಿದ್ಯೇನೇ?” ಎಂದ.