ಡಿಸೆಂಬರ್, ನವೆಂಬರ್, ಅಕ್ಟೋಬರ್

ಯೆರೆ ಕಲ್ಲಿಯೊ ಎದುರಾಳಿಗಳ ಬೆಂಚಿನ ಕಡೆಗೆ ಹೊರಟದ್ದನ್ನು ಗಮನಿಸಿದವನು ತುವೊಮೊ ಒಬ್ಬನೇ. ಐಸ್ ಹಾಕಿ ಪಂದ್ಯದ ಮೂರು ಅವಧಿಗಳಲ್ಲಿ ಎರಡನೆಯದು ಮುಗಿಯಲು ಅರ್ಧ ನಿಮಿಷವಿತ್ತು. ಎದುರು ತಂಡದ ಧಡೂತಿ ಆಟಗಾರನೊಬ್ಬ ಯೆರೆಯನ್ನು ಅಂಕಣದಂಚಿನ ಹಲಗೆಗೋಡೆಗೆ ಅಪ್ಪಳಿಸಿದ್ದ. ಯೆರೆ ತಕ್ಷಣ ಎದ್ದು ಜನರತ್ತ ಕೈ ಎತ್ತಿದ. ಆಮೇಲೆ ಮಂಜುಗಡ್ಡೆಯ ಮೇಲೆ ನಾಲ್ಕು ಮಾರು ಎದುರಾಳಿಗಳ ಬೆಂಚಿನತ್ತ ಜಾರಿ, ಏನೋ ಜ್ಞಾಪಕವಾದವನಂತೆ ತಿರುಗಿ ತನ್ನವರ ಬಳಿಗೆ ಬಂದ. ನೋಡುವವರಿಗೆ ಅದೊಂದು ಗತ್ತಿನ ಸುತ್ತಿನಂತೆ ಕಂಡಿರಬೇಕು, ಚಪ್ಪಾಳೆ ಬಿತ್ತು.

ತುವೊಮೊ ಹರ್ಯು ಕೋಚ್ ಆಗಿ ಇದು ಮೊದಲ ವರ್ಷ. ಅದಕ್ಕೆ ಮುಂಚೆ ಇದೇ ಕೆಮಿ ಊರಿನ ತಂಡಕ್ಕೆ ಹದಿನಾಲ್ಕು ವರ್ಷ ಆಡಿದ್ದ. ಅದರಲ್ಲಿ ಒಂಬತ್ತು ವರ್ಷ ಯೆರೆಯೂ ಅವನೂ ಒಟ್ಟಿಗೆ ಗೋಲಿನ ಮುಂದೆ ಕಾವಲು ನಿಂತವರು. ಪರ ಊರಿಗೆ ಹೋದರೆ ಇಬ್ಬರಿಗೂ ಒಂದೇ ಕೋಣೆ. ಈ ಶನಿವಾರದ ಪಂದ್ಯ ಗೆದ್ದರೆ ತಂಡ ಮೇಲಿನ ದರ್ಜೆಗೆ ಏರುತ್ತಿತ್ತು; ಊರು ಹನ್ನೊಂದು ವರ್ಷ ಕಾದ ಪಂದ್ಯ. ಎರಡೂ ಕಡೆ ಎರಡೆರಡು ಗೋಲಾಗಿತ್ತು. ಯೆರೆಗೆ ಮೂವತ್ತನಾಲ್ಕು. ತಂಡ ಮೇಲೇರಿದರೆ ಅವನಿಗೆ ಇನ್ನೊಂದು ವರ್ಷ ಆಟ ಉಂಟು, ಇಲ್ಲದಿದ್ದರೆ ಇವತ್ತಿಗೇ ಮುಗಿಯಿತು.

ವಿರಾಮದಲ್ಲಿ ತಂಡದ ಡಾಕ್ಟರು ಸಿನಿಕ್ಕ ನಿಯಮದಂತೆ ಯೆರೆಯನ್ನು ಚಿಕ್ಕ ಕೋಣೆಗೆ ಕರೆದೊಯ್ದು ತಲೆಗೆ ಪೆಟ್ಟಾಗಿದೆಯೇ ಎಂದು ಪರೀಕ್ಷಿಸಿದರು. ಅವರು ಓದಿ ಹೇಳಿದ ಹತ್ತು ಪದಗಳನ್ನು ಅವನು ಒಂದೂ ಬಿಡದೆ ಒಪ್ಪಿಸಿದ. ತಿಂಗಳುಗಳನ್ನು ಹಿಂದಿನಿಂದ ಹೇಳು ಎಂದರೆ ಡಿಸೆಂಬರ್, ನವೆಂಬರ್, ಅಕ್ಟೋಬರ್ ಎಂದು ಜನವರಿಯವರೆಗೂ ಉಸಿರು ಬಿಡದೆ ಹೇಳಿದ. ಸಿನಿಕ್ಕ ಸಮಾಧಾನದಿಂದ, ಇವನು ಆಡಬಹುದು ಎಂಬ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದರು.

ಬಾಗಿಲಲ್ಲಿ ನಿಂತಿದ್ದ ತುವೊಮೊನಿಗೆ ಆ ಪಾಠ ಗೊತ್ತಿತ್ತು. ಎಂಟು ವರ್ಷದ ಹಿಂದೆ ಹೋಟೆಲ್ ಕೋಣೆಯೊಂದರಲ್ಲಿ ಅದನ್ನು ಹೇಳಿಕೊಟ್ಟವನು ಅವನೇ. ಡಾಕ್ಟರ ಬಳಿ ಇರುವುದು ಪದಗಳ ಆರೇ ಪಟ್ಟಿ, ಆರನ್ನೂ ಉರು ಹೊಡೆ. ದಿನಾ ಗಡ್ಡ ಹೆರೆಯುವಾಗ ತಿಂಗಳುಗಳನ್ನು ಹಿಂದಿನಿಂದ ಹೇಳು ಎಂದಿದ್ದ. ತಾನೂ ಹಾಗೆಯೇ ವರ್ಷಗಟ್ಟಲೆ ಆಡಿದ್ದ. ಈಗ ಎರಡು ವರ್ಷದಿಂದ ಅಂಗಡಿಯಲ್ಲಿ ರೈ ಹಿಟ್ಟಿನ ರೊಟ್ಟಿ ಹಿಡಿದು, ಇದನ್ನು ಆಗಲೇ ಬುಟ್ಟಿಗೆ ಹಾಕಿದೆನೋ ಇಲ್ಲವೋ ಎಂದು ನಿಂತುಬಿಡುತ್ತಿದ್ದ. ಅದು ಹೆಂಡತಿಗೆ ಬಿಟ್ಟರೆ ಯಾರಿಗೂ ತಿಳಿಯದು. ಆಟ ಬಿಟ್ಟದ್ದು ಮಂಡಿನೋವಿನಿಂದ ಎಂದೇ ಊರೆಲ್ಲ ನಂಬಿತ್ತು.

"ಯೆರೆ, ಈಗ ಮುಗೀತಲ್ಲ, ಆ ಅವಧಿ ಶುರುವಾಗೋಕೆ ಮುಂಚೆ ನಿನ್ನ ಕರೆದು ಏನ್ ಹೇಳ್ದೆ?" ಎಂದು ಕೇಳಿದ.

"ಯಾವಾಗ್ಲೂ ಹೇಳೋದೇ. ಹಿಂದೆ ನಿಂತ್ಕೊ, ಮುಂದೆ ನುಗ್ಗಬೇಡ ಅಂತ."

"ನಿಮ್ಮಮ್ಮ ಬಂದಿದಾರೆ, ಮೂರನೇ ಸಾಲಲ್ಲಿದಾರೆ ಅಂದೆ. ನೀನು ಅವ್ರಿಗೆ ಕೈ ಬೀಸ್ದೆ."

ಯೆರೆಯ ನಗು ಒಂದು ಕ್ಷಣ ತಡೆಯಿತು. ಆ ಗಲಾಟೆಯಲ್ಲಿ ಯಾರ ಮಾತು ಯಾರಿಗೆ ಕೇಳಿಸುತ್ತದೆ ಎಂದು ಡಾಕ್ಟರಿಗೆ ಹೇಳಿದ. ಅವರೂ ಇದ್ದರೂ ಇರಬಹುದು ಎನ್ನುವಂತೆ ತಲೆಯಾಡಿಸಿದರು. ಯೆರೆ ತುವೊಮೊನತ್ತ ಬಾಗಿ ದನಿ ತಗ್ಗಿಸಿದ.

"ಏನ್ ಸಾಹೇಬ್ರೇ, ಕೋಟು ಹಾಕ್ಕೊಂಡ್ಮೇಲೆ ಡಾಕ್ಟರಿಕೇನೂ ಬಂದ್ಬಿಡ್ತಾ? ಇಪ್ಪತ್ತೇ ನಿಮಿಷ ಕಣೋ. ನನ್ ಜಾಗದಲ್ಲಿ ನೀನಿದ್ದಿದ್ರೆ ಆಡ್ತಿರ್ಲಿಲ್ವಾ?"

"ಆಡ್ತಿದ್ದೆ."

"ಮತ್ತೆ?"

ಕೋಚ್ ಆಗಿ ಅವನನ್ನು ಸುಮ್ಮನೆ ಬೆಂಚಿನಲ್ಲಿ ಕೂರಿಸಿದ್ದರೂ ಆಗುತ್ತಿತ್ತು. ಆದರೆ ಸಹಿ ಬಿದ್ದರೆ ಆಸ್ಪತ್ರೆಯ ಮಾತಿಲ್ಲ. ಯೆರೆ ತಾನೇ ಕಾರು ಓಡಿಸಿಕೊಂಡು ಮನೆಗೆ ಹೋಗುತ್ತಾನೆ, ತಂಡ ಗೆದ್ದರೆ ಮುಂದಿನ ವರ್ಷ ಮತ್ತೆ ಅಂಕಣಕ್ಕಿಳಿಯುತ್ತಾನೆ. ತುವೊಮೊ ಸಿನಿಕ್ಕರ ಕಡೆ ತಿರುಗಿದ.

"ಡಾಕ್ಟ್ರೇ, ಆ ಪದಗಳನ್ನ ಇವನಿಗೆ ಬಾಯಿಪಾಠ ಮಾಡ್ಸಿದ್ದು ನಾನು. ನಾನೂ ನಿಮ್ಮನ್ನ ಹೀಗೇ ಏಮಾರಿಸ್ತಿದ್ದೆ. ನನ್ ಮಂಡಿಗೆ ಏನೂ ಆಗಿರ್ಲಿಲ್ಲ."

ಸಿನಿಕ್ಕ ಯೆರೆಯನ್ನು ನೋಡಲಿಲ್ಲ. ಹದಿನಾರು ವರ್ಷ ಈ ತಂಡದ ತಲೆಗಳನ್ನು ಪರೀಕ್ಷಿಸಿದ ಹೆಂಗಸು ತುವೊಮೊನನ್ನೇ ನೋಡುತ್ತ ಪೆನ್ನು ಕೆಳಗಿಟ್ಟರು.

"ಎಷ್ಟು ಸಲ?"

"ನಾಲ್ಕು. ಐದೂ ಇರ್ಬಹುದು."

ಅವರು ಕಾಗದ ಹರಿದುಹಾಕಿದರು. ಸೋಮವಾರ ಬಂದು ನನ್ನನ್ನು ಕಾಣು, ಆಮೇಲೆ ಆಡಳಿತದವರ ಮುಂದೆ ಇದನ್ನೇ ಹೇಳು ಎಂದು ತುವೊಮೊನಿಗೆ ಹೇಳಿದರು. ಈಗಲೇ ಆಸ್ಪತ್ರೆಗೆ ಹೊರಡು ಎಂದರೆ ಯೆರೆ ಕೇಳಲಿಲ್ಲ. ಪಂದ್ಯ ಮುಗಿಯುವವರೆಗೆ ಇಲ್ಲಿಂದ ಅಲ್ಲಾಡುವುದಿಲ್ಲ ಎಂದು ಸ್ಕೇಟನ್ನೂ ಬಿಚ್ಚದೆ ಗೋಡೆಗೊರಗಿ ಕುಳಿತ. ಸಿನಿಕ್ಕ ಅವನ ಪಕ್ಕದಲ್ಲೇ ಕುಳಿತರು.

ಮೂರನೆಯ ಅವಧಿಯಲ್ಲಿ ಯಾರಿಗೂ ಗೋಲು ಸಿಗಲಿಲ್ಲ; ಹೆಚ್ಚುವರಿ ಅವಧಿಯ ಆರನೆಯ ನಿಮಿಷದಲ್ಲಿ ತಂಡ ಸೋತಿತು. ಗೋಲು ಬಿದ್ದದ್ದು ಯೆರೆ ಕಾಯಬೇಕಾಗಿದ್ದ ಮೂಲೆಯಿಂದಲೇ. ಅವನ ಬದಲಿಗೆ ಇಳಿದವನು ಎಡವಿದ್ದ. ಆಟಗಾರರು ಒಬ್ಬೊಬ್ಬರಾಗಿ ತುವೊಮೊನನ್ನು ನೋಡದೆ ಹಾದುಹೋದರು. ಅವನು ಅವರ ಹಿಂದೆ ಹೋಗದೆ ಚಿಕ್ಕ ಕೋಣೆಗೆ ಬಂದ. ಸಿನಿಕ್ಕ ಹಿಂಬಾಗಿಲಿಗೆ ಕಾರು ತರಲು ಎದ್ದರು.

ಯೆರೆ ಸ್ಕೇಟಿನ ದಾರ ಬಿಚ್ಚಲು ಹೆಣಗುತ್ತಿದ್ದ. ಬೆರಳುಗಳಿಗೆ ಗಂಟು ಸಿಗುತ್ತಿರಲಿಲ್ಲ. ತುವೊಮೊ ನೆಲಕ್ಕೆ ಮಂಡಿಯೂರಿ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡ.

"ಏನಾಯ್ತು?" ಎಂದ ಯೆರೆ.

"ಸೋತ್ವಿ. ಮೂರು ಎರಡು."

ಯೆರೆ ಗೋಡೆಯತ್ತ ಮುಖ ತಿರುಗಿಸಿ ಬಾಯಿಗೆ ಬಂದಂತೆ ಬೈದ. ಈ ಜನ್ಮದಲ್ಲಿ ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದ. ತುವೊಮೊ ಬಲಗಾಲಿನ ಸ್ಕೇಟು ಎಳೆದು ಪಕ್ಕಕ್ಕಿಟ್ಟು ಎಡಗಾಲು ಹಿಡಿದ. ದಾರ ಒದ್ದೆಯಾಗಿ ಬಿಗಿದುಕೊಂಡಿತ್ತು, ಬಹಳ ಹೊತ್ತು ಹಿಡಿಯಿತು.

"ತುವೊಮೊ," ಎಂದು ಯೆರೆ ಕರೆದ. ದನಿಯಲ್ಲಿ ಸಿಟ್ಟಿರಲಿಲ್ಲ. ಮುಖದಲ್ಲಿ ಬರೀ ಆಸೆ ಇತ್ತು. "ಗೆದ್ವೇನೋ?"

ತುವೊಮೊ ದಾರದಿಂದ ಕೈ ತೆಗೆದು, ಅವನ ಕಣ್ಣು ನೋಡಿ, ಮೊದಲ ಸಲ ಹೇಳುವವನ ಹಾಗೆ ಸೋತ ಸುದ್ದಿ ಹೇಳಿದ.